ನಾಯಿಯ ತುರಿಕೆಗೆ ಹಾಕುವ ಔಷಧಿ ಮನೆಯ ಬೆಕ್ಕಿಗೆ ವಿಷವಾಗಬಹುದು

ಕೊಲ್ಲಾಪುರ ಜಿಲ್ಲೆಯ ಕುರುಂದವಾಡ, ಕೃಷ್ಣಾ-ಪಂಚಗಂಗಾ ಸಂಗಮದ ಹತ್ತಿರದ ಊರು. 2019 ಮತ್ತು 2021ರ ನೆರೆ ಕಂಡ ಪ್ರದೇಶ. ಮಳೆಗಾಲ ಬಂತೆಂದರೆ ಇಲ್ಲಿ ನೆಲ, ಗೋಡೆ, ಗೋಣಿಚೀಲ ಎಲ್ಲಾ ತೇವ. ಮಂಗಳೂರು ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾಯಿಗಳ ತುರಿಕೆ ಜಾಸ್ತಿಯಾಗುವುದೂ ಇದೇ ಸಮಯದಲ್ಲಿ.

ನನ್ನದು ಇಲ್ಲಿ ಹಿಂಡಿ, ಬೂಸಾ ಮಾರುವ ಸಣ್ಣ ಅಂಗಡಿ. "ನಾಯಿ ಬಾಳ ತುರಿಸ್ಕೊಳ್ಳಾಕತ್ತೈತ್ರಿ, ಎಮ್ಮಿಗೆ ಹಾಕೋ ಉಣ್ಣಿ ಔಷಧ ಕೊಡ್ರಿ" ಅಂತ ಬರುವವರಿಗೆ ನಾನು ಮೊದಲು ಕೇಳುವುದು, ಮನೆಯಲ್ಲಿ ಬೆಕ್ಕಿದೆಯಾ ಅಂತ.

ಯಾಕೆಂದರೆ ನಾಯಿ, ದನಗಳ ಉಣ್ಣೆ-ಚಿಗಟಕ್ಕೆ ಬಳಸುವ ಅನೇಕ ಔಷಧಿಗಳಲ್ಲಿ ಪರ್ಮೆಥ್ರಿನ್ ಅಥವಾ ಅದೇ ಜಾತಿಯ ರಾಸಾಯನಿಕ ಇರುತ್ತದೆ. ನಾಯಿಯ ಲಿವರ್ ಅದನ್ನು ಕರಗಿಸಿ ಹೊರಹಾಕುತ್ತದೆ, ಬೆಕ್ಕಿನ ಲಿವರ್‌ಗೆ ಆ ಶಕ್ತಿ ತುಂಬಾ ಕಡಿಮೆ. ಬೆಕ್ಕಿಗೆ ನೇರವಾಗಿ ಹಚ್ಚಬೇಕೆಂದೇ ಇಲ್ಲ. ಔಷಧಿ ಹಾಕಿದ ನಾಯಿಯ ಪಕ್ಕದಲ್ಲಿ ಮಲಗಿ, ಮೈ ನೆಕ್ಕಿಕೊಂಡರೂ ಸಾಕು. ಮೈ ನಡುಗುತ್ತದೆ, ಜೊಲ್ಲು ಸುರಿಯುತ್ತದೆ, ಫಿಟ್ಸ್ ಬರುತ್ತದೆ, ಕೆಲವು ಸಾಯುತ್ತವೆ. ಅಮಿಟ್ರಾಜ್ ಕೂಡ ಬೆಕ್ಕಿಗೆ ಒಳ್ಳೆಯದಲ್ಲ. ಮಕ್ಕಳು ಮೊಲ ಸಾಕಿದ್ದರೆ ಫಿಪ್ರೋನಿಲ್ ಸ್ಪ್ರೇ ದೂರ ಇಡಿ, ಮೊಲಕ್ಕೆ ಅದು ವಿಷ. ಗ್ಯಾರೇಜಿನ ಸುಟ್ಟ ಆಯಿಲ್, ಸೀಮೆಎಣ್ಣೆ, ಫಿನಾಯಿಲ್ ಹಚ್ಚುವವರೂ ಇದ್ದಾರೆ. ಅದು ಚಿಕಿತ್ಸೆ ಅಲ್ಲವೇ ಅಲ್ಲ, ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ.

ಇನ್ನು ತುರಿಕೆಯ ಮೂಲ. ನಮ್ಮ ಹೆಚ್ಚಿನ ಮನೆಗಳಲ್ಲಿ ಬೆಕ್ಕು ಒಳಗೆ, ನಾಯಿ ಅಂಗಳದಲ್ಲಿ ಅಥವಾ ಗೋಡೌನಿನಲ್ಲಿ. ಬೇರೆ ಬೇರೆ ಇವೆಯಲ್ಲಾ ಅಂತ ನಾವು ಅಂದುಕೊಳ್ಳುತ್ತೇವೆ, ಚಿಗಟಕ್ಕೆ ಆ ಲೆಕ್ಕ ಇಲ್ಲ. ನಾಯಿಯನ್ನು ಕಚ್ಚುವುದು ಬಹಳ ಸಲ ಬೆಕ್ಕಿನ ಚಿಗಟವೇ. ಬೆಕ್ಕು ಆರಾಮಾಗಿ ಓಡಾಡಿಕೊಂಡಿರುತ್ತದೆ, ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ನಾಯಿ ನಾಲ್ಕೈದು ಕಚ್ಚಿಗೇ ಬಾಲದ ಬುಡದ ಕೂದಲು ಕಿತ್ತುಕೊಂಡು ಗಾಯ ಮಾಡಿಕೊಳ್ಳುತ್ತದೆ. ಮೈಮೇಲೆ ಕಾಣುವ ಚಿಗಟ ಒಟ್ಟು ಸಂಖ್ಯೆಯ ಸುಮಾರು ಶೇ. 5 ಮಾತ್ರ. ಉಳಿದದ್ದು ಮೊಟ್ಟೆ, ಮರಿ, ಗೂಡುಗಳಾಗಿ ಗೋಣಿಯಲ್ಲಿ, ಚಾಪೆಯಡಿ, ನೆಲದ ಬಿರುಕಿನಲ್ಲಿ ಇರುತ್ತದೆ. ನಾಯಿಗೊಂದಕ್ಕೇ ಔಷಧಿ ಹಾಕುವುದು ಬಿ.ಕಾಂ. ಓದಿದವನ ಲೆಕ್ಕದಲ್ಲಿ ಪ್ರತಿ ತಿಂಗಳ ನಷ್ಟ. ಎಲ್ಲ ಪ್ರಾಣಿಗಳಿಗೂ ಒಟ್ಟಿಗೆ, ಅದರದರ ಔಷಧಿ ಆಗಬೇಕು. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆದು, ಗೋಣಿ ಬದಲಿಸಿ, ಮೂಲೆ ಗುಡಿಸಬೇಕು.

ಎಲ್ಲಾ ತುರಿಕೆಯೂ ಚಿಗಟದ್ದಲ್ಲ. ಕಿವಿಯ ಅಂಚು, ಮೊಣಕೈಯಲ್ಲಿ ಹೊಪ್ಪಳೆ ಎದ್ದು ರಾತ್ರಿಯಿಡೀ ಕೆರೆದುಕೊಂಡರೆ ಕಜ್ಜಿ ಇರಬಹುದು. ಅದು ಮುಟ್ಟಿದ ಮನುಷ್ಯರಿಗೂ ಸ್ವಲ್ಪ ದಿನ ತುರಿಕೆ ತರುತ್ತದೆ. ದುಂಡಗೆ ಕೂದಲು ಉದುರಿದರೆ ಗಜಕರ್ಣ ಇರಬಹುದು. ಇದನ್ನು ಬೆಕ್ಕು ತನಗೇನೂ ಕಾಣಿಸದೆಯೇ ಹರಡುತ್ತದೆ, ಮಕ್ಕಳಿಗೂ ಅಂಟುತ್ತದೆ. ಮೆಡಿಕಲ್‌ನಿಂದ ಸ್ಟಿರಾಯ್ಡ್ ಬೆರೆತ ಟ್ಯೂಬ್ ತಂದು ಹಚ್ಚಿದರೆ ಮೇಲೆ ಕೆಂಪು ಕಡಿಮೆಯಾಗುತ್ತದೆ, ಒಳಗೆ ಶಿಲೀಂಧ್ರ ಬೆಳೆಯುತ್ತದೆ. ಸರಕಾರಿ ಪಶು ದವಾಖಾನೆಗೆ ಒಯ್ದು ಚರ್ಮ ಕೆರೆದು ಪರೀಕ್ಷೆ ಮಾಡಿಸುವುದೇ ಸರಿ. ಮನೆಯಲ್ಲಿ ಏನೇನು ಪ್ರಾಣಿ ಇದೆ ಅಂತ ಡಾಕ್ಟರಿಗೆ ಕೇಳುವ ಮೊದಲೇ ಹೇಳಿ.

ನಾಯಿಗೆ ಔಷಧಿ ಹಾಕಿದ ಮೇಲೆ ಮೂರು ದಿನ ಬೆಕ್ಕನ್ನು ಹತ್ತಿರ ಬಿಡಬೇಡಿ. ತಾಗಿ ಬೆಕ್ಕು ನಡುಗಲು ಶುರುವಾದರೆ ಹಾಲು ಕುಡಿಸುವುದು, ವಾಂತಿ ಮಾಡಿಸುವುದು ಬೇಡ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ಮೈ ತೊಳೆದು, ಒರೆಸಿ, ಔಷಧಿಯ ಬಾಟಲಿ ಸಮೇತ ಕೂಡಲೇ ಡಾಕ್ಟರ ಬಳಿ ಹೋಗಿ.