ಕೈಗುಣದ ರಹಸ್ಯ

ಗಿಡವನ್ನು ಬೆಳೆಸುವುದರಲ್ಲಿ ಕೆಲವರಿಗೆ ಕೈಗುಣವೆಂಬುದೊಂದು ಉಂಟೆಂದು ನಮ್ಮ ಮನೆಗಳಲ್ಲಿ ಹೇಳುವುದು ವಾಡಿಕೆ. ಒಬ್ಬರು ಬರಿಯ ಕಡ್ಡಿಯನ್ನು ನೆಟ್ಟರೂ ಅದು ಚಿಗುರುವುದು. ಮತ್ತೊಬ್ಬರು ಹಾಲೆರೆದರೂ ಗಿಡವು ಸೊರಗುವುದು. ನಮ್ಮ ಮನೆಯಲ್ಲಿ ಆ ಗುಣವಿದ್ದುದು ನನ್ನ ಗೃಹಿಣಿಗೆ. ಆಕೆ ಕಾಲವಾದ ಮೇಲೆ ಹಿತ್ತಲಿನ ಕುಂಡಗಳ ಪಾಲನೆಯು ನನ್ನ ಪಾಲಿಗೆ ಬಂದಿತು. ಅವುಗಳಲ್ಲಿ ಆಕೆಯು ತವರಿನಿಂದ ತಂದು ನೆಟ್ಟಿದ್ದ ಪನ್ನೀರು ಗುಲಾಬಿಯೊಂದಿತ್ತು. ಉಳಿದುವು ಹೋದರೂ ಚಿಂತೆಯಿಲ್ಲ, ಇದೊಂದನ್ನು ಉಳಿಸಿಕೊಳ್ಳಬೇಕೆಂಬುದು ನನ್ನ ಹಂಬಲ.

ನಾನು ಸಂಸ್ಕೃತವನ್ನೋದಿದವನು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವುಂಟು. ಕನ್ನಡದಲ್ಲಿಯೂ ಹನ್ನೊಂದನೆಯ ಶತಮಾನದ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಆ ವಿಷಯವನ್ನು ಹೇಳಿದ್ದಾನೆ. ಇವನ್ನೆಲ್ಲ ತಿರುವಿಹಾಕಿದ ನಾನು, ಬೆಳಗು ಬೈಗು ತಪ್ಪದೆ ಆ ಗಿಡಕ್ಕೆ ನೀರೆರೆದೆನು. ಕಡಲೆಯ ಹಿಂಡಿಯನ್ನು ನೆನೆಸಿ ಹಾಕಿದೆನು. ಆದರೂ ಕೆಳಗಿನ ಎಲೆಗಳು ಒಂದೊಂದಾಗಿ ಹಳದಿಯಾಗಿ ಉದುರಲಾರಂಭಿಸಿದುವು. ನಾನು ನೀರನ್ನು ಇನ್ನಷ್ಟು ಹೆಚ್ಚಿಸಿದೆನು.

ಹೀಗಿರಲು, 2023ರ ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪಪ್ರದರ್ಶನಕ್ಕೆ ಹೋದೆನು. 1760ರಲ್ಲಿ ಹೈದರಾಲಿಯು ತೊಡಗಿಸಿದ ಈ ಉದ್ಯಾನದಲ್ಲಿ ಗಣರಾಜ್ಯೋತ್ಸವದ ಸಮಯದಲ್ಲೊಮ್ಮೆ, ಸ್ವಾತಂತ್ರ್ಯೋತ್ಸವದ ಸಮಯದಲ್ಲೊಮ್ಮೆ ಪ್ರದರ್ಶನವು ಏರ್ಪಡುವುದನ್ನು ವಾಚಕರು ಬಲ್ಲರು. ಗಾಜಿನ ಮನೆಗೆ ಅಡಿಗಲ್ಲು ಬಿದ್ದುದು 1889ರಲ್ಲಿ. ಆಗ ಉದ್ಯಾನವನ್ನು ನೋಡಿಕೊಳ್ಳುತ್ತಿದ್ದ ಕ್ಯಾಮರನ್, 1908ರಲ್ಲಿ ಇಲ್ಲಿಗೆ ಬಂದ ಜರ್ಮನಿಯ ಕ್ರುಂಬಿಗಲ್, ಅನಂತರದ ಜವರಾಯರು, ಮರಿಗೌಡರು ಮೊದಲಾದವರ ಹೆಸರುಗಳು ಗ್ರಂಥಗಳಲ್ಲಿ ನಿಂತಿವೆ. ಆದರೆ ಕುಂಡಗಳನ್ನು ಹೊತ್ತು, ಮಣ್ಣನ್ನು ಕಲಸಿ, ನಿಯಮಿತ ದಿನಕ್ಕೆ ಸರಿಯಾಗಿ ಹೂವರಳುವಂತೆ ಮಾಡಿದ ಮಾಲಿಗಳ ಹೆಸರನ್ನು ಯಾರೂ ಬರೆದಿಡಲಿಲ್ಲ.

ಅಂಥವರೊಬ್ಬರನ್ನು ನಾನು ಬಹುಕಾಲದಿಂದ ದೂರದಿಂದಲೇ ಬಲ್ಲೆನು. ಪ್ರದರ್ಶನದ ದಿನಗಳಲ್ಲಿ ಬೆಳಗಿನ ಹೊತ್ತಿಗೆ ಹೋದಾಗಲೆಲ್ಲ, ಬಾಡಿದ ಹೂವನ್ನು ಕಿತ್ತು, ಕುಂಡವನ್ನು ಬೆಳಕಿನತ್ತ ತಿರುಗಿಸಿ ನಿಲ್ಲಿಸುತ್ತಿದ್ದರು. ನಮ್ಮ ಬೀದಿಯ ತೋಟದ ಹವ್ಯಾಸಿಗಳೆಲ್ಲರೂ ಅವರ ಕೈಗುಣವನ್ನು ಕೊಂಡಾಡುವವರೇ. ಸೇವೆಯಿಂದ ನಿವೃತ್ತರಾಗಿದ್ದ ಆ ವೃದ್ಧರು ಆ ದಿನ ಪ್ರೇಕ್ಷಕರಂತೆ ಬಂದು, ಗುಲಾಬಿಗಳ ಮುಂದೆ ಕೈಕಟ್ಟಿ ನಿಂತಿದ್ದರು. ನಲವತ್ತು ಹುಡುಗರನ್ನು ಒಂದೇ ಗದರಿಕೆಯಿಂದ ಸುಮ್ಮನಿರಿಸುತ್ತಿದ್ದ ನನಗೆ ಅವರನ್ನು ಮಾತನಾಡಿಸಲು ನಾಲಿಗೆಯೇಳಲಿಲ್ಲ. ಕೊನೆಗೆ ಧೈರ್ಯಮಾಡಿ, ನನ್ನ ಗಿಡದ ವ್ಯಾಧಿಯನ್ನು ನಿವೇದಿಸಿ, ಯಾವ ಗೊಬ್ಬರವನ್ನು ಹಾಕಲೆಂದು ಕೇಳಿದೆನು.

ಅವರು ಗೊಬ್ಬರದ ಮಾತನ್ನೇ ಎತ್ತಲಿಲ್ಲ. “ಕುಂಡದ ತಳದಲ್ಲಿ ತೂತು ಇದೆಯೆ? ಎರೆದ ನೀರು ಕೆಳಗಿನಿಂದ ಹೊರಬರುವುದೆ? ನೀರೆರೆಯುವ ಮೊದಲು ಮಣ್ಣಿಗೆ ಬೆರಳಿಟ್ಟು ನೋಡುತ್ತೀರಾ?” ಎಂದು ಮೂರು ಪ್ರಶ್ನೆಗಳನ್ನು ಹಾಕಿದರು. ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

“ಬೇರೂ ಉಸಿರಾಡುತ್ತದೆ, ಸ್ವಾಮಿ. ಮಣ್ಣಿನ ಸಂದುಗಳಲ್ಲಿ ಗಾಳಿಯಿರಬೇಕು. ಅಲ್ಲೆಲ್ಲ ನೀರೇ ನಿಂತರೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಮೇಲೆ ಎಲೆ ಬಾಡುತ್ತದೆ. ಬಾಡಿತೆಂದು ನೀವು ಮತ್ತೆ ನೀರೆರೆಯುತ್ತೀರಿ” ಎಂದರು.

ಪ್ರೀತಿಯೆಂದು ತಿಳಿದು ನಾನು ದಿನಕ್ಕೆರಡು ಬಾರಿ ಮಾಡುತ್ತಿದ್ದುದು ಇದನ್ನೇ. ಆ ಗಿಡವು ಯಾರದೆಂಬುದನ್ನು ಆಗ ಅವರಿಗೆ ಹೇಳಿದೆನು. ಅವರು ತುಸು ಹೊತ್ತು ಸುಮ್ಮನಿದ್ದು, “ಮೂಲವು ಉಳಿಯುವುದೆಂದು ಹೇಳಲಾರೆ. ಇಂದೇ ಕಡ್ಡಿಗಳನ್ನು ಕತ್ತರಿಸಿ ನೆಡಿ. ಕತ್ತರಿಸಲು ಹೆದರಬೇಡಿ” ಎಂದರು.

ಅವರು ಹೇಳಿಕೊಟ್ಟ ಕ್ರಮವನ್ನು ಗೃಹಸ್ಥರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇನೆ. ಸೀಸದ ಕಡ್ಡಿಯ ಗಾತ್ರದ, ರೋಗವಿಲ್ಲದ, ಬಲಿತ ರೆಂಬೆಯನ್ನು ಆರರಿಂದ ಎಂಟು ಅಂಗುಲದಷ್ಟು, ಒಂದು ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಬೇಕು. ಕೆಳಗಿನ ಎಲೆಗಳನ್ನು ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಮುಚ್ಚುವಂತೆ ನೆಟ್ಟು ನೆರಳಿನಲ್ಲಿಡಬೇಕು. ಮಣ್ಣು ಒದ್ದೆಯಾಗಿರಬೇಕೇ ಹೊರತು ಕೆಸರಾಗಬಾರದು. ಬೇರು ಬಂದಿತೆ ಎಂದು ಕಿತ್ತು ನೋಡಬಾರದು. ತಾಯಿಗಿಡವನ್ನು ಕುಂಡದಿಂದ ಬಿಡಿಸಿ, ಕಂದಿ ಮೆತ್ತಗಾದ ಬೇರುಗಳನ್ನು ತೆಗೆದು, ಬೆಳ್ಳಗೆ ಗಟ್ಟಿಯಾದುವನ್ನು ಉಳಿಸಿ, ರೆಂಬೆಗಳನ್ನೂ ತಗ್ಗಿಸಿ, ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಇವುಗಳ ಸಮಭಾಗದ ಮಿಶ್ರಣದಲ್ಲಿ ಮತ್ತೆ ನೆಡಬೇಕು.

ಮನೆಗೆ ಬಂದು ಕುಂಡವನ್ನು ಬೋರಲು ಹಾಕಿದೆನು. ತಳದ ತೂತು ಮಣ್ಣಿನಿಂದ ಮುಚ್ಚಿಹೋಗಿತ್ತು. ಬೇರುಗಳಿಂದ ಕೊಳೆತ ನಾತವು ಹೊಡೆಯುತ್ತಿತ್ತು. ಆಕೆಯು ನೆಟ್ಟ ಗಿಡದ ಮೇಲೆ ಕತ್ತರಿಯಿಡುವಾಗ ಕೈ ನಡುಗಿತು. ಐದು ಕಡ್ಡಿಗಳನ್ನು ನೆಟ್ಟೆನು. ತಾಯಿಗಿಡವು ಮೂರು ವಾರಗಳಲ್ಲಿ ಒಣಗಿತು. ಐದರಲ್ಲಿ ಮೂರು ಕಡ್ಡಿಗಳು ಕಪ್ಪಾದುವು, ಎರಡು ಚಿಗುರಿದುವು. ಅವುಗಳಲ್ಲಿ ಒಂದನ್ನು ಮಗಳ ಮನೆಗೆ ಕಳುಹಿಸಿದೆನು, ಒಂದು ನನ್ನಲ್ಲಿದೆ.

2024ರ ಜನವರಿಯಲ್ಲಿ ಅದರ ಹೂವೊಂದನ್ನು ಬಾಳೆಯೆಲೆಯಲ್ಲಿ ಸುತ್ತಿಕೊಂಡು ಲಾಲ್‌ಬಾಗಿಗೆ ಹೋದೆನು. ಎರಡು ದಿನ ಅವರು ಕಾಣಲಿಲ್ಲ. ಮೂರನೆಯ ದಿನ ಇನ್ನೊಂದು ಹೂವಿನೊಡನೆ ಹೋದಾಗ ಸಿಕ್ಕಿದರು. ನನ್ನ ಗುರುತು ಅವರಿಗೆ ಹತ್ತಲಿಲ್ಲ, ಹೂವನ್ನು ಮೂಸಿದೊಡನೆ, “ಪನ್ನೀರು! ಕಡ್ಡಿ ಹತ್ತಿತೆ, ಸ್ವಾಮಿ?” ಎಂದರು. ನಿಮ್ಮ ಕೈಗುಣವೆಂದು ನಾನು ಕೈಮುಗಿದೆನು. ಅವರು ನಕ್ಕು, ಮಣ್ಣು ಕಚ್ಚಿದ ತೋರುಬೆರಳನ್ನೆತ್ತಿ ತೋರಿಸಿ, “ನನ್ನ ಕೈಗುಣವೆಲ್ಲ ಇಷ್ಟೇ. ಇಂದು ಬೆಳಗ್ಗೆ ಮಣ್ಣನ್ನು ಮುಟ್ಟಿ ನೋಡಿದಿರಾ?” ಎಂದು ಕೇಳಿದರು.

ನೋಡಿ ಬಂದಿದ್ದೆನು. ಒದ್ದೆಯಾಗಿತ್ತು, ನೀರೆರೆದಿರಲಿಲ್ಲ.