ಉಜ್ಜುಗೊರಡಿಗೆ ಬೆಲೆ ಬಂದ ಬಗೆ

1981ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಥಾಮಸ್ ಲೀ-ನೀಲ್ಸನ್ ಎಂಬುವರು ಅಂಗೈಗೆ ಹೊಂದುವಷ್ಟು ಚಿಕ್ಕದೊಂದು ಉಜ್ಜುಗೊರಡನ್ನು ಕಂಚಿನಲ್ಲಿ ಮಾಡಿ ಮಾರತೊಡಗಿದರು. ಹಲಗೆಯ ಅಂಚನ್ನು ಮಟ್ಟಕ್ಕೆ ಸರಿಯಾಗಿ ನೇರ ಮಾಡುವ ಸಾಧನ ಅದು. ಸ್ಟ್ಯಾನ್ಲಿ ಕಂಪನಿ ಹಿಂದೆ 95ನೇ ನಂಬರಿನಲ್ಲಿ ಅದನ್ನು ತಯಾರಿಸಿ, ಆಮೇಲೆ ಕೈಬಿಟ್ಟಿತ್ತು. ಲೀ-ನೀಲ್ಸನ್ ದೋಣಿ ಕಟ್ಟುವವರ ಮನೆಯ ಹುಡುಗ. ನ್ಯೂಯಾರ್ಕಿನಲ್ಲಿ ಉಪಕರಣ ಮಾರುವ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದಾಗ, ಗಿರಾಕಿಗಳು ಯಾವುದನ್ನು ಹುಡುಕಿಕೊಂಡು ಬರುತ್ತಾರೆ, ಯಾವುದು ಸಿಗದೆ ಹಿಂದಿರುಗುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಿದ್ದರು. ಇವತ್ತು ಅವರ ಕಂಪನಿಯ 4ನೇ ನಂಬರಿನ ಉಜ್ಜುಗೊರಡಿನ ಬೆಲೆ 300 ಡಾಲರ್ ದಾಟಿದೆ. ಅದೇ ಆಕಾರದ ಇನ್ನೊಂದು ನಮ್ಮೂರ ಹಾರ್ಡ್‌ವೇರ್ ಅಂಗಡಿಯಲ್ಲಿ ಸಾವಿರ, ಎರಡು ಸಾವಿರ ರೂಪಾಯಿಗೆ ಸಿಗುತ್ತದೆ. ಎರಡರ ಹುಟ್ಟೂ ಒಂದೇ ಕಡೆ ಆದದ್ದು.

ಆ ಹುಟ್ಟಿಗೆ ಕಾರಣನಾದವನು ಲಿಯೊನಾರ್ಡ್ ಬೈಲಿ, ಬಾಸ್ಟನ್ ಕಡೆಯ ಬಡಗಿ. ಅವನ ಕಾಲದವರೆಗೆ ಉಜ್ಜುಗೊರಡೆಂದರೆ ಬಹುಮಟ್ಟಿಗೆ ಮರದ ದಿಮ್ಮಿಯಲ್ಲಿ ಸೀಳು ತೆಗೆದು, ಅಲಗು ಕೂರಿಸಿ, ಬೆಣೆ ಹೊಡೆದದ್ದು. ನಮ್ಮ ಆಚಾರ್ರ ಚೀಲದಲ್ಲಿ ಈಗಲೂ ಇರುವಂಥದ್ದೇ. ಅಲಗು ಕೂದಲೆಳೆಯಷ್ಟು ಕೆಳಗಿಳಿಯಬೇಕಾದರೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಹೆಚ್ಚಾದರೆ ಹಿಂದಿನಿಂದ ತಟ್ಟಿ ಮೇಲೆತ್ತಬೇಕು. ಎಷ್ಟು ತಟ್ಟಬೇಕೆಂಬ ಆ ಅಂದಾಜು ಕೈಗೆ ಹತ್ತಲು ವರ್ಷಗಳು ಬೇಕು. ಬೈಲಿ 1850 ಮತ್ತು 60ರ ದಶಕಗಳಲ್ಲಿ ಪಡೆದ ಪೇಟೆಂಟುಗಳು ಆ ಅಂದಾಜನ್ನು ಒಂದು ತಿರುಪಿನೊಳಗೆ ತಂದು ಇಟ್ಟವು. ಹಿತ್ತಾಳೆಯ ಚಕ್ರ ತಿರುಗಿಸಿದರೆ ಅಲಗು ಇಳಿಯುತ್ತದೆ, ಏರುತ್ತದೆ. ಮೇಲಿನ ಸನ್ನೆ ಒತ್ತಿದರೆ ಬಿಗಿಯಾಗಿ ಕೂರುತ್ತದೆ. 1869ರಲ್ಲಿ ಕನೆಕ್ಟಿಕಟ್‌ನ ಸ್ಟ್ಯಾನ್ಲಿ ಕಂಪನಿ ಆ ಹಕ್ಕುಗಳನ್ನು ಕೊಂಡಿತು. ಬೈಲಿ ಕೆಲವೇ ವರ್ಷಗಳಲ್ಲಿ ಕಂಪನಿಯೊಡನೆ ಮುನಿಸಿಕೊಂಡು ಹೊರನಡೆದ. ಅವನ ಹೆಸರು ಮಾತ್ರ ಎರಕದಲ್ಲಿ ಉಳಿದು, ನೂರು ವರ್ಷ ಮೀರಿ ಆ ಉಜ್ಜುಗೊರಡುಗಳ ಮೇಲೆ ಅಚ್ಚಾಗುತ್ತಲೇ ಬಂತು.

ಸ್ಟ್ಯಾನ್ಲಿಯ ಒಳ್ಳೆಯ ಕಾಲದ ಉಜ್ಜುಗೊರಡು ದುಬಾರಿ ವಸ್ತುವಲ್ಲ, ದುಡಿಯುವವರ ವಸ್ತು. ಹಿಡಿ ಬೀಟೆಯದು, ಅಲಗು ಹದವಾದ ಉಕ್ಕಿನದು. 1890ರ ದಶಕದ ಕೊನೆಗೆ ಅದೇ ಕಂಪನಿ ಬೆಡ್‌ರಾಕ್ ಎಂಬ ಇನ್ನೂ ಗಟ್ಟಿ ಮಾದರಿಯನ್ನು ತಂದಿತು. ಅದರಲ್ಲಿ ಅಲಗಿನ ಪೀಠ ಪೂರ್ತಿಯಾಗಿ ತಳಕ್ಕೆ ಅಂಟಿ ಕೂರುತ್ತಿದ್ದುದರಿಂದ ಅಲಗು ಅದುರುತ್ತಿರಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಅದು ನಿಂತುಹೋಯಿತು. ಆಮೇಲೆ ವಿದ್ಯುತ್ ಯಂತ್ರಗಳು, ಪ್ಲೈವುಡ್ ಬಂದವು. ಕೈಯಿಂದ ಮರ ಉಜ್ಜುವವರು ಕಡಿಮೆಯಾದಂತೆ ಉಪಕರಣ ತಯಾರಿಯಲ್ಲೂ ಕೈಬಿಗಿ ಶುರುವಾಯಿತು. ಬೀಟೆ ಹೋಗಿ ಬಣ್ಣ ಬಳಿದ ಅಗ್ಗದ ಮರ, ಅದೂ ಹೋಗಿ ಪ್ಲಾಸ್ಟಿಕ್. ಎರಕದ ಬಿಡಿಭಾಗದ ಜಾಗಕ್ಕೆ ತಗಡು ಬಗ್ಗಿಸಿದ್ದು. ಆಕಾರ ಹಾಗೇ ಇತ್ತು. ಅಂಗಡಿಯ ಕಪಾಟಿನಲ್ಲಿ ನೋಡುವವರಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ, ಹಲಗೆಯ ಮೇಲೆ ಎಳೆದಾಗ ಮಾತ್ರ ತಿಳಿಯುತ್ತಿತ್ತು.

ಲೀ-ನೀಲ್ಸನ್ ಕಂಪನಿ ಕ್ರಮೇಣ ಬೆಡ್‌ರಾಕ್ ಮಾದರಿಯನ್ನೇ ಮರಳಿ ಕೈಗೆತ್ತಿಕೊಂಡಿತು, ಲೋಹವನ್ನು ಬದಲಿಸಿತು. ಹಳೆಯವು ಸಾದಾ ಬೀಡುಕಬ್ಬಿಣದವು. ಅದರೊಳಗಿನ ಗ್ರಾಫೈಟ್ ಚಕ್ಕೆಚಕ್ಕೆಯಾಗಿರುವುದರಿಂದ ಪೆಟ್ಟು ಬಿದ್ದರೆ ಬಿರುಕು ಆ ಚಕ್ಕೆಗಳ ಅಂಚಿನಲ್ಲೇ ಓಡುತ್ತದೆ. ಕೆಲಸದ ಮೇಜಿನಿಂದ ಸಿಮೆಂಟ್ ನೆಲಕ್ಕೆ ಒಮ್ಮೆ ಬಿದ್ದರೆ ಎರಡು ತುಂಡು. 1943ರಲ್ಲಿ ಕೀತ್ ಮಿಲಿಸ್ ಎಂಬ ಲೋಹತಜ್ಞ, ಕರಗಿದ ಬೀಡಿಗೆ ಸ್ವಲ್ಪ ಮೆಗ್ನೀಸಿಯಂ ಸೇರಿಸಿದರೆ ಗ್ರಾಫೈಟ್ ಗುಂಡುಗುಂಡಾಗಿ ಕಟ್ಟಿಕೊಳ್ಳುತ್ತದೆಂದು ಕಂಡುಕೊಂಡಿದ್ದ. ಈ ಡಕ್ಟೈಲ್ ಕಬ್ಬಿಣ ಪೆಟ್ಟು ತಾಳುತ್ತದೆ. ಎರಕ ಹೊಯ್ದ ಮೇಲೆ ಅದನ್ನು ಕಾಯಿಸಿ, ಒಳಗಿನ ಬಿಗುವು ಇಳಿಸಿ, ಆಮೇಲೆ ತಳ ಅರೆಯುತ್ತಾರೆ. ಬಿಗುವು ಇಳಿಸದೆ ಅರೆದದ್ದು ಕೆಲವು ತಿಂಗಳಲ್ಲಿ ತಾನಾಗಿಯೇ ಸೊಟ್ಟಗಾಗಬಹುದು.

ತಳ ಇಷ್ಟೊಂದು ಸಪಾಟಾಗಿ ಏಕೆ ಬೇಕು? ಒಳ್ಳೆಯ ಉಜ್ಜುಗೊರಡಿನಿಂದ ಹೊರಬರುವ ಸುರುಳಿಯ ದಪ್ಪ 0.05 ಮಿಲಿಮೀಟರ್ ಇರಬಹುದು. ನಾವು ಬರೆಯುವ ಹಾಳೆಯ ಅರ್ಧ. ಅಲಗಿನ ಮುಂದಿರುವ ತಳ 0.1 ಮಿಲಿಮೀಟರ್ ತಗ್ಗಿದ್ದರೂ ಆ ತೆಳು ಸುರುಳಿ ಬರುವುದಿಲ್ಲ. ಅಲಗು ಮರ ಮುಟ್ಟಲೆಂದು ಇನ್ನಷ್ಟು ಇಳಿಸುತ್ತೇವೆ, ಆಗ ಅದು ದಪ್ಪ ಕಚ್ಚಿ ಎಳೆಗಳನ್ನು ಕಿತ್ತುಬಿಡುತ್ತದೆ. ಅಗ್ಗದ ಉಜ್ಜುಗೊರಡು ತಂದವರು ಗಾಜಿನ ಮೇಲೆ ಪಾಲಿಶ್ ಪೇಪರ್ ಅಂಟಿಸಿ ಅದರ ತಳವನ್ನು ಗಂಟೆಗಟ್ಟಲೆ ತಿಕ್ಕುವುದು ಇದಕ್ಕೇ. ಆ ತಿಕ್ಕುವ ಕೆಲಸ ತಪ್ಪುವುದಿಲ್ಲ. ಒಂದೋ ಕಾರ್ಖಾನೆಯವರು ಮಾಡಿ ಬೆಲೆಗೆ ಸೇರಿಸುತ್ತಾರೆ, ಇಲ್ಲವೇ ನಾವು ಮಾಡುತ್ತೇವೆ. 300 ಡಾಲರಿನ ಒಂದು ಪಾಲು ಹೋಗುವುದು ಅಲ್ಲಿಗೆ.

ಹಾಗಾದರೆ ಅಷ್ಟು ಕೊಡಬೇಕೆ? ನನ್ನ ಮಟ್ಟಿಗೆ ಉತ್ತರ ಎಲ್ಲರೂ ಎಣಿಸುವುದಕ್ಕೆ ತಿರುವುಮುರುವು. ನುರಿತ ಬಡಗಿಗೆ ದುಬಾರಿ ಉಪಕರಣದ ಅಗತ್ಯ ಅಷ್ಟಿಲ್ಲ. ದೋಷ ತಳದಲ್ಲಿದೆಯೋ ಅಲಗಿನಲ್ಲಿದೆಯೋ ಅವರ ಕೈಗೇ ತಿಳಿಯುತ್ತದೆ, ತಿದ್ದಿಕೊಳ್ಳುತ್ತಾರೆ. ಹೊಸದಾಗಿ ಕಲಿಯುವವರಿಗೆ ತಪ್ಪು ತಮ್ಮ ಕೈಯದೋ ಸಾಧನದ್ದೋ ಎಂದೇ ಗೊತ್ತಾಗುವುದಿಲ್ಲ. ಕೆಟ್ಟ ಉಜ್ಜುಗೊರಡಿನೊಡನೆ ಗುದ್ದಾಡಿ, ಇದು ನನ್ನಿಂದಾಗದ ಕೆಲಸ ಎಂದು ಬಿಟ್ಟುಹೋಗುವವರನ್ನು ಕಂಡರೆ ಸಂಕಟವಾಗುತ್ತದೆ. ಒಳ್ಳೆಯದರ ಅನುಭವ ಒಮ್ಮೆಯಾದರೂ ಅವರ ಕೈಗೆ ಆಗಬೇಕು. ಅದಕ್ಕಾಗಿ ಪ್ರತಿಯೊಬ್ಬರೂ ಕೊಳ್ಳಬೇಕಿಲ್ಲ; ಬಡಗಿ ಕೆಲಸ ಕಲಿಸುವ ಕೇಂದ್ರಗಳಲ್ಲಿ ಸರಿಯಾಗಿ ಹದಗೊಳಿಸಿದ ಒಂದು ಇದ್ದರೆ ಸಾಕು.

ದುಡ್ಡು ಕೊಟ್ಟು ಕೊಳ್ಳಲಾಗದ ಒಂದು ಸಂಗತಿಯೂ ಇದೆ. ಅಲಗಿನ ಬೆನ್ನಿಗೆ ತಿರುಪು ಹಾಕಿ ಬಿಗಿದ ಇನ್ನೊಂದು ಕಬ್ಬಿಣದ ಪಟ್ಟಿ ಇರುತ್ತದಲ್ಲ, ಅದರ ಉಪಯೋಗ ಬಹಳ ಮಂದಿಗೆ ಮರೆತೇಹೋಗಿತ್ತು. ಜಪಾನಿನ ಯಾಮಗಾಟ ವಿಶ್ವವಿದ್ಯಾಲಯದ ಕವಾಯಿ ಮತ್ತು ಕಾಟೊ ಎಂಬ ಪ್ರಾಧ್ಯಾಪಕರು, ಅಲಗು ಮರ ಕತ್ತರಿಸುವುದನ್ನು ತೀರಾ ಹತ್ತಿರದಿಂದ ಚಿತ್ರೀಕರಿಸಿದ್ದರು. ಆ ಚಿತ್ರ 2012ರ ಸುಮಾರಿಗೆ ಪಶ್ಚಿಮದ ಮರಗೆಲಸದವರ ನಡುವೆ ಹರಡಿತು. ಪಟ್ಟಿಯ ತುದಿಯನ್ನು ಅಲಗಿನ ಬಾಯಿಂದ 0.1 ಮಿಲಿಮೀಟರಿನಷ್ಟೇ ಹಿಂದೆ ಇಟ್ಟರೆ, ಏಳುತ್ತಿರುವ ಸುರುಳಿ ಅದಕ್ಕೆ ತಾಗಿ ಮುಂದಕ್ಕೆ ಬಾಗುತ್ತದೆ, ಎಳೆ ಕಿತ್ತು ಬರುವುದು ನಿಲ್ಲುತ್ತದೆ. ಎಳೆಗಳು ಅತ್ತಿತ್ತ ಹೆಣೆದುಕೊಂಡ ಹಲಸಿನ ಹಲಗೆಗೆ ಇದಕ್ಕಿಂತ ಒಳ್ಳೆಯ ಮದ್ದು ನಾನು ಕಾಣೆ. ಸಾವಿರ ರೂಪಾಯಿಯ ಉಜ್ಜುಗೊರಡಿನಲ್ಲೂ ಆ ಪಟ್ಟಿ ಇರುತ್ತದೆ.

ನಮ್ಮಲ್ಲಿ ದುಡ್ಡು ಹಾಕುವುದೇ ಆದರೆ ಅಲಗಿಗೆ ಹಾಕುವುದು ಒಳ್ಳೆಯದು. ಇಲ್ಲಿನ ಬಾಗಿಲು ಕಿಟಕಿಗಳ ಸಾಗವಾನಿಯಲ್ಲಿ ಸಿಲಿಕಾ ಇದೆ. ಅದು ಸಾದಾ ಉಕ್ಕಿನ ಮೊನೆಯನ್ನು ಬೇಗ ಮೊಂಡು ಮಾಡುತ್ತದೆ. ಶೇಕಡಾ 5ರಷ್ಟು ಕ್ರೋಮಿಯಂ ಇರುವ ಎ2 ಉಕ್ಕಿನ ದಪ್ಪ ಅಲಗು ಸಾಣೆ ಹಿಡಿಯುವಾಗ ತುಸು ಸತಾಯಿಸಿದರೂ ಸಾಗವಾನಿಯ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಅದನ್ನು ಬಿಡಿಯಾಗಿ ತಂದು, ತಳ ತಿಕ್ಕಿ ಸರಿಮಾಡಿದ ಅಗ್ಗದ ಉಜ್ಜುಗೊರಡಿಗೇ ಹಾಕಬಹುದು. ದಪ್ಪ ಅಲಗು ತೂರಲು ಕೆಲವೊಮ್ಮೆ ತಳದ ಸೀಳನ್ನು ಅರದಿಂದ ಒಂದಿಷ್ಟು ಅಗಲಿಸಬೇಕಾಗುತ್ತದೆ, ಅಷ್ಟೇ.