ಅಕ್ಕಲಕೋಟೆಯ ಹಾದಿಯಲ್ಲಿ ಒಬ್ಬ ಪುಟ್ಟ ಅಕ್ಕೋರು

ಡಿಸೆಂಬರ್ ತಿಂಗಳ ಚಳಿ. ಬೆಳಗಿನ ಏಳು ಗಂಟೆಗೆ ಸೋಲಾಪುರದ ಎಸ್‌ಟಿ ನಿಲ್ದಾಣದಲ್ಲಿ ಅವಳು ನಮಗಾಗಿ ಕಾಯುತ್ತಿದ್ದಳು. ಒಂದು ಕೈಯಲ್ಲಿ ಸುತ್ತಿಟ್ಟ ಚಾರ್ಟು, ಇನ್ನೊಂದರಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ. ಡಿ.ಎಲ್.ಎಡ್. ಎರಡನೇ ವರ್ಷದ ವಿದ್ಯಾರ್ಥಿನಿ, ಹಿಂದೆ ಡಿ.ಎಡ್. ಎನ್ನುತ್ತಿದ್ದೆವಲ್ಲ, ಅದೇ. "ಹೆಸರು ಹಾಕಬ್ಯಾಡ್ರಿ" ಎಂದಳು. ನಾವೂ ಹಾಕುವುದಿಲ್ಲ.

ಅಕ್ಕಲಕೋಟೆಗೆ ಸುಮಾರು ನಲವತ್ತು ಕಿಲೋಮೀಟರ್. ಬಸ್ಸಿನ ತುಂಬ ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟ ಭಕ್ತರು. 2023ರಿಂದ ಹೆಂಗಸರಿಗೆ ಅರ್ಧ ಟಿಕೀಟು. ಇಲ್ಲದಿದ್ದರೆ ದಿನಾ ಹೋಗಿಬರಲು ಮನೆಯಲ್ಲಿ ಒಪ್ಪುತ್ತಿರಲಿಲ್ಲವಂತೆ. ಅಲ್ಲಿಂದ ಮುಂದೆ ಹತ್ತಾರು ಜನರನ್ನು ತುಂಬಿಕೊಂಡ ಜೀಪು, ಕೊನೆಗೆ ತೊಗರಿ ಹೊಲಗಳ ನಡುವೆ ಕಾಲುನಡಿಗೆ.

ಈ ಸೀಮೆಯ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತು. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಅಕ್ಕಲಕೋಟೆ ಗಡಿಯ ಆಚೆಗೇ ಉಳಿಯಿತು. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟೆ, ದಕ್ಷಿಣ ಸೋಲಾಪುರ ನಮ್ಮ ಕಡೆಗೆ ಬರಲೆಂದಿತು, ಬರಲಿಲ್ಲ. ಮನೆಮಾತು ಮಾತ್ರ ಎಲ್ಲಿಗೂ ಹೋಗಲಿಲ್ಲ. ಇಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ, ಅವುಗಳಿಗೆ ಪುಣೆಯ ಬಾಲಭಾರತಿಯೇ ಕನ್ನಡದಲ್ಲಿ ಪುಸ್ತಕ ಅಚ್ಚು ಹಾಕುತ್ತದೆ.

ಶಾಲೆಯಲ್ಲಿ ಮೂವತ್ತೊಂದು ಮಕ್ಕಳು, ನಾಲ್ಕು ತರಗತಿ, ಇಬ್ಬರು ಶಿಕ್ಷಕರು. ಅರವತ್ತು ಮಕ್ಕಳವರೆಗೆ ಇಬ್ಬರೇ ಎಂಬುದು ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕ. ಆ ದಿನ ಒಬ್ಬರು ಯಾವುದೋ ಮೀಟಿಂಗಿಗೆ ಹೋಗಿದ್ದರು. ಹೀಗಾಗಿ ಕಲಿಯಲು ಬಂದ ಹುಡುಗಿಗೇ ಒಂದು, ಎರಡನೇ ತರಗತಿ ಬಿತ್ತು! ಮೊದಲು ಪರಿಪಾಠ: ರಾಷ್ಟ್ರಗೀತೆ, 2023ರಲ್ಲಿ ರಾಜ್ಯಗೀತೆಯಾದ 'ಜಯ ಜಯ ಮಹಾರಾಷ್ಟ್ರ ಮಾಝಾ', ಪ್ರತಿಜ್ಞೆ. ಮಕ್ಕಳು ಗಂಟಲು ಬಿಚ್ಚಿ ಮರಾಠಿಯಲ್ಲಿ ಹಾಡಿ, ಮರುಕ್ಷಣವೇ ಕನ್ನಡದಲ್ಲಿ ಜಗಳಕ್ಕೆ ನಿಂತರು.

ಗಣಿತದ ಪಾಠ ನಮ್ಮನ್ನು ಹಿಡಿದು ಕೂರಿಸಿತು. ಒಬ್ಬ ಹುಡುಗ ಇಪ್ಪತ್ತೊಂದು ಎಂದರೆ 12 ಬರೆಯುತ್ತಿದ್ದ. ಅವನ ತಂದೆ ಸಂತೆಯಲ್ಲಿ ಬೆಳ್ಳುಳ್ಳಿ ಮಾರುವವರು. ಅಲ್ಲಿ ಲೆಕ್ಕವೆಲ್ಲ ಮರಾಠಿ. ಮರಾಠಿಯ 'ಏಕವೀಸ'ದಲ್ಲಿ ಒಂದು ಮೊದಲು, ಇಪ್ಪತ್ತು ಆಮೇಲೆ. ನಮ್ಮಲ್ಲಿ ಇಪ್ಪತ್ತು ಮೊದಲು. 2019ರಲ್ಲಿ ಮರಾಠಿಯ ಎರಡನೇ ತರಗತಿ ಪುಸ್ತಕದಲ್ಲಿ 'ವೀಸ ಏಕ' ಎಂದು ಹೇಳಿಕೊಡುವ ಕ್ರಮ ಬಂದಾಗ ಮಹಾರಾಷ್ಟ್ರದಲ್ಲಿ ದೊಡ್ಡ ಗದ್ದಲವೇ ಎದ್ದಿತ್ತು. ಗದ್ದಲ ಮಾಡಿದವರು ಈ ಹುಡುಗನನ್ನು ನೋಡಬೇಕಿತ್ತು ಎನಿಸಿತು. ಅವಳು ಬೈಯಲಿಲ್ಲ. ಹತ್ತು ಹತ್ತು ಕಡ್ಡಿಗಳ ಎರಡು ಕಟ್ಟು, ಒಂದು ಬಿಡಿ ಕಡ್ಡಿ ಅವನ ಅಂಗೈಗಿಟ್ಟು, "ದೊಡ್ಡವ್ರನ್ನ ಮೊದಲು ಕರಿ" ಎಂದಳು. ನಾಲ್ಕನೇ ಸಲಕ್ಕೆ 21 ಬಂತು.

ಪುಸ್ತಕದ ಮಾತಿಗೂ ಮನೆಯ ಮಾತಿಗೂ ಹೀಗೆಯೇ ಜಗ್ಗಾಟ. ಪುಸ್ತಕದಲ್ಲಿ 'ರಜೆ', ಮಕ್ಕಳ ಬಾಯಲ್ಲಿ 'ಸುಟ್ಟಿ'. 'ವೇತನ' ಎಂದರೆ ಯಾರೂ ಕೈಯೆತ್ತಲಿಲ್ಲ. 'ಪಗಾರ' ಎಂದೊಡನೆ ಎಲ್ಲರ ಕೈ ಮೇಲೆ. ಎರಡನ್ನೂ ಅವಳು ಹಲಗೆಯ ಮೇಲೆ ಅಕ್ಕಪಕ್ಕ ಬರೆದಳು.

ಮಧ್ಯಾಹ್ನ ಖಿಚಡಿ ಬಡಿಸಿದ ಮೇಲೆಯೇ ಅವಳು ಡಬ್ಬಿ ತೆರೆದದ್ದು. ಆಗ ತನ್ನ ಚಿಂತೆ ಹೇಳಿಕೊಂಡಳು. ಟಿಇಟಿ ಪಾಸಾಗಬೇಕು, ಟೇಟ್ ಬರೆಯಬೇಕು, ಪವಿತ್ರ ಪೋರ್ಟಲಿನಲ್ಲಿ ಹೆಸರು ಬರಬೇಕು, ಅದರಲ್ಲೂ ಕನ್ನಡ ಮಾಧ್ಯಮದ ಜಾಗ ಖಾಲಿ ಇರಬೇಕು. "ಮಕ್ಕಳು ಕಡಿಮಿ ಆದ್ರ ಶಾಳಿನ ಉಳಿಯೂದಿಲ್ಲ, ಜಾಗ ಎಲ್ಲಿಂದ ಬರ್ತದ್ರಿ?" ಪಕ್ಕದ ಊರಿಗೆ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಬಂದಿದೆ. ಹೊಲಿಗೆಯಿಂದ ಮನೆ ನಡೆಸುವ ತಾಯಿ ಮಾತ್ರ, "ಓದು ಬಿಡಬ್ಯಾಡ" ಎನ್ನುತ್ತಾರಂತೆ. ನಮ್ಮ ಧರ್ಮಕೇಂದ್ರದ ಎಷ್ಟೋ ಶಿಕ್ಷಕಿಯರ ಮನೆಗಳಲ್ಲೂ ಇಂಥ ತಾಯಂದಿರೇ ಇದ್ದರಲ್ಲವೇ?

ಸಂಜೆ ಜೀಪಿನ ಕುಲುಕಾಟದಲ್ಲೇ ಮರುದಿನದ ಪಾಠ ಟಿಪ್ಪಣಿ ಬರೆಯತೊಡಗಿದಳು. ಅದಕ್ಕೆ ಮೊದಲು ಗೇಟಿನ ಬಳಿ ಒಂದನೇ ತರಗತಿಯ ಪುಟ್ಟಿಯೊಬ್ಬಳು ಅವಳ ದುಪಟ್ಟಾ ಹಿಡಿದೆಳೆದಿದ್ದಳು.

"ಅಕ್ಕೋರ, ನಾಳಿ ಬರ್ತೀರೇನ್ರಿ?"

"ಬರ್ತೀನವ್ವಾ."

ಅವಳ ಇಂಟರ್ನ್‌ಶಿಪ್ ಮುಗಿಯಲು ಇನ್ನು ಎಂಟು ದಿನ ಉಳಿದಿತ್ತು.